ಗಾಲಿಯ ಅಗಲ ಎಷ್ಟಿರಬೇಕು? ಚಕ್ಕಡಿಯಿಂದ ಪಿಕಪ್ ಗಾಡಿಯವರೆಗೆ

ಇವತ್ತು ಗಾಲಿಯ ಬಗ್ಗೆ ನಾಲ್ಕು ಮಾತು ಆಡೋಣ. ಅದರಲ್ಲಿಯೂ ಗಾಲಿಯ ಅಗಲದ ಬಗ್ಗೆ. ನವಲಗುಂದದ ಕಡೆ ಈಗ ಅನೇಕ ಮನೆಗಳ ಮುಂದೆ ಪಿಕಪ್ ಗಾಡಿ ನಿಂತಿರುತ್ತದೆ. ಹೆಸರು, ಕಡಲೆ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಯ ಅಂಡಿಗೆ, ಎಲ್ಲವೂ ಅದರಲ್ಲಿಯೇ ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಹೋಗುತ್ತವೆ. ಟಾಯರು ಸವೆದು ಹೊಸದು ಹಾಕಿಸುವ ಹೊತ್ತು ಬಂತೆಂದರೆ ಮನೆಯಲ್ಲಿ ಒಂದು ವಾದ ಶುರುವಾಗುತ್ತದೆ. "ಅಪ್ಪಾ, ಈ ಸಲ ಅಗಲ ಟಾಯರ ಹಾಕ್ಸೂಣು, ಗಾಡಿ ಗಟ್ಟಿ ನಿಲ್ತದ" ಎಂದು ಮಗ. "ಮೊದಲ ಇದ್ದದ್ದ ಸಾಕಪಾ, ಸುಮ್ನ ರೊಕ್ಕ ಯಾಕ ಕಳೀತಿ" ಎಂದು ತಂದೆ. ಇಬ್ಬರಲ್ಲಿ ಯಾರ ಮಾತು ಸರಿ?

ಈ ವಾದ ಇವತ್ತು ಹುಟ್ಟಿದ್ದಲ್ಲ. ಟಾಯರು ಬರುವ ಮೊದಲೂ ಇತ್ತು, ಮೋಟಾರು ಬರುವ ಮೊದಲೂ ಇತ್ತು. ನಮ್ಮ ಅಜ್ಜ ಮುತ್ತಜ್ಜಂದಿರೂ ಗಾಲಿ ಅಗಲ ಇರಬೇಕೋ ಇಕ್ಕಟ್ಟು ಇರಬೇಕೋ ಎಂದು ವಿಚಾರ ಮಾಡಿಯೇ ಚಕ್ಕಡಿ ಕಟ್ಟಿಸಿದರು. ಸರಕಾರಗಳು ಇದರ ಸಲುವಾಗಿ ಕಾಯದೆ ಮಾಡಿದವು. ಆ ಇತಿಹಾಸವನ್ನು ಒಮ್ಮೆ ತಿರುವಿ ನೋಡಿದರೆ ನಮ್ಮ ಮನೆಯ ವಾದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ. ಆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಗಾಲಿಯ ಅಗಲವನ್ನು ಗೊತ್ತುಪಡಿಸುವದು ಕಣ್ಣಿನ ಅಂದವಲ್ಲ. ಅದನ್ನು ಗೊತ್ತುಪಡಿಸುವವು ಎರಡೇ: ಅದು ಹೊರುವ ಹೇರು, ಅದು ಹೆಚ್ಚಾಗಿ ಉರುಳುವ ನೆಲ. ಈ ಎರಡನ್ನು ಮರೆತವರು ಪ್ರತಿ ಕಾಲದಲ್ಲಿಯೂ ದಂಡ ತೆತ್ತಿದ್ದಾರೆ. ಒಮ್ಮೆ ಎತ್ತು ತೆತ್ತಿತು, ಒಮ್ಮೆ ಸಡಕು ತೆತ್ತಿತು, ಈಗ ಕಿಸೆ ಮತ್ತು ಹೊಲ ತೆರುತ್ತಿವೆ.

ಮೊದಲು ನಮ್ಮ ನೆಲವನ್ನೇ ನೋಡಿರಿ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಹುಭಾಗ ಎರಿ ಭೂಮಿ. ಕಲಘಟಗಿಯ ಕಡೆ ಹೋದರೆ ನೆಲ ಬದಲಾಗುತ್ತದೆ, ಅದು ಅರೆಮಲೆನಾಡು, ಭತ್ತದ ಸೀಮೆ. ಎರಿ ಮಣ್ಣಿನ ಗುಣ ನಿಮಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಕಾಲು ಹೋಗುವಷ್ಟು ಬಿರುಕು. ಮಳೆ ಬಿತ್ತೆಂದರೆ ನೀರು ಕುಡಿದು ಉಬ್ಬಿ ಅಂಟಿನಂತಾಗುತ್ತದೆ. ಒಂದು ಹೆಜ್ಜೆ ಇಟ್ಟರೆ ಚಪ್ಪಲಿಗೆ ಸೇರು ಮಣ್ಣು. ಬೆಣ್ಣಿಹಳ್ಳ ತುಂಬಿ ಬಂದಾಗ ದಂಡೆಯ ಹಳ್ಳಿಗಳ ಹೊಲದ ದಾರಿಗಳೆಲ್ಲ ಹುದುಲು. ಒಂದೇ ನೆಲ, ಆದರೆ ವರ್ಷದಲ್ಲಿ ಎರಡು ವೇಷ. ಈ ನೆಲದ ಮೇಲೆ ಉರುಳುವ ಗಾಲಿಗೆ ಎರಡನ್ನೂ ತಾಳಿಕೊಳ್ಳುವ ಜಾಣತನ ಬೇಕು.

ಇನ್ನು ನಮ್ಮ ಊರಲ್ಲಿಯೇ ಇರುವ ಎರಡು ಗಾಲಿಗಳನ್ನು ನೋಡಿರಿ. ಒಂದು ಜಾತ್ರೆಯ ತೇರಿನ ಗಾಲಿ. ಇನ್ನೊಂದು ಹಳೆಯ ಚಕ್ಕಡಿಯ ಗಾಲಿ. ತೇರಿನ ಗಾಲಿ ದಪ್ಪ ಮರದ್ದು, ಬಹಳ ಅಗಲ. ಯಾಕೆ? ಮೇಲೆ ಇರುವ ಹೇರು ಅಷ್ಟು ದೊಡ್ಡದು. ಇಕ್ಕಟ್ಟು ಗಾಲಿ ಇಟ್ಟರೆ ನೆಲದಲ್ಲಿ ಹೂತು ನಿಲ್ಲುತ್ತದೆ. ಆದರೆ ಅಗಲ ಗಾಲಿಯ ತೊಂದರೆಯೂ ಅಲ್ಲಿಯೇ ಕಾಣಿಸುತ್ತದೆ. ತೇರು ಸುಲಭವಾಗಿ ತಿರುಗುವದಿಲ್ಲ. ಗಾಲಿಗೆ ಕಟ್ಟಿಗೆ ಒಡ್ಡಿ, ಬೆವರು ಸುರಿಸಿ, ಸಾವಿರ ಕೈ ಹಗ್ಗ ಹಿಡಿದು ಎಳೆಯಬೇಕು. ವರ್ಷಕ್ಕೊಮ್ಮೆ ಎಳೆಯುವ ತೇರಿಗೆ ಅದು ನಡೆಯುತ್ತದೆ. ದಿನಾ ಹೊಲಕ್ಕೆ ಹೋಗಿ ಬರುವ ಚಕ್ಕಡಿಗೆ ನಡೆಯುವದಿಲ್ಲ.

ಆದ್ದರಿಂದ ನಮ್ಮ ಬಡಿಗೇರರು ಚಕ್ಕಡಿಯ ಗಾಲಿಯನ್ನು ಬೇರೆಯೇ ರೀತಿಯಲ್ಲಿ ಮಾಡಿದರು. ಅಗಲ ಕಡಿಮೆ, ಎತ್ತರ ಹೆಚ್ಚು. ಆಳಿನ ಎದೆಮಟ್ಟಕ್ಕೆ ಬರುವ ಗಾಲಿ, ಮೇಲೆ ಸುಮಾರು ಎರಡು ಅಂಗುಲದ ಕಬ್ಬಿಣದ ಹಳಿ. ಕಂಬಾರರು ಹಳಿಯನ್ನು ಗಾಲಿಗಿಂತ ತುಸು ಸಣ್ಣದಾಗಿ ಬಾಗಿಸಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ಏರಿಸಿ ನೀರು ಹಾಕುತ್ತಿದ್ದರು. ತಣ್ಣಗಾಗುತ್ತ ಹಳಿ ಕುಗ್ಗಿ ಇಡೀ ಗಾಲಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ಮೊಳೆಗಿಂತ ಹೆಚ್ಚಿನ ಹಿಡಿತ ಅದು.

ಇಕ್ಕಟ್ಟು ಗಾಲಿ ಯಾಕೆ ಎಂದರೆ ಅದಕ್ಕೆ ಮೂರು ಕಾರಣ. ಒಂದು, ಹಗುರಾಗುತ್ತದೆ, ಎತ್ತಿಗೆ ಸಸಾರ. ಎರಡು, ಅಂಟು ಮಣ್ಣು ಅಗಲ ಗಾಲಿಗೆ ಹೆಚ್ಚು ಮೆತ್ತಿಕೊಳ್ಳುತ್ತದೆ, ಇಕ್ಕಟ್ಟು ಗಾಲಿಗೆ ಕಡಿಮೆ. ಮೂರು, ಕಬ್ಬಿಣಕ್ಕೆ ರೊಕ್ಕ ಕಡಿಮೆ. ಹಾಗಾದರೆ ಹುಗಿಯುವದಿಲ್ಲವೇ? ಹುಗಿಯುತ್ತದೆ. ಅದಕ್ಕಾಗಿಯೇ ಎತ್ತರ. ಗಾಲಿ ಎಷ್ಟು ಎತ್ತರವೋ ಅಷ್ಟು ಸುಲಭವಾಗಿ ಅದು ತಗ್ಗನ್ನು ಹತ್ತಿ ದಾಟುತ್ತದೆ. ಸಣ್ಣ ಗಾಲಿ ಅದೇ ತಗ್ಗಿನಲ್ಲಿ ಮುಗ್ಗರಿಸುತ್ತದೆ. ಅಂದರೆ ಅಗಲದಲ್ಲಿ ಕಳಕೊಂಡದ್ದನ್ನು ಎತ್ತರದಲ್ಲಿ ಗಳಿಸಿದರು. ಇನ್ನೊಂದು ಮಾತು, ನಮ್ಮಲ್ಲಿ ಹತ್ತಿ ಬಿಡಿಸುವದು ಬೇಸಿಗೆಯ ಮುಂಭಾಗದಲ್ಲಿ, ನೆಲ ಒಣಗಿ ಗಟ್ಟಿಯಾದಾಗ. ದೊಡ್ಡ ಹೇರು ಹೊರುವ ಕಾಲದಲ್ಲಿ ನೆಲ ಗಟ್ಟಿ. ಮಳೆಗಾಲದಲ್ಲಿ ಚಕ್ಕಡಿಯನ್ನು ಹೊಲಕ್ಕೆ ಇಳಿಸುವದೇ ಅಪರೂಪ. ಆ ಹೇರಿಗೆ, ಆ ನೆಲಕ್ಕೆ, ಆ ಗಾಲಿ ಸರಿಯಾಗಿತ್ತು.

ಆಮೇಲೆ ಹತ್ತಿಯ ವ್ಯಾಪಾರ ಬೆಳೆಯಿತು, ನೆಲ ಬದಲಾಯಿತು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿಯ ತಳಿಯನ್ನು ಧಾರವಾಡ ಜಿಲ್ಹೆಯಲ್ಲಿ ಬೆಳೆಸಲು ಮುಂದಾಯಿತು. ಅದು ಈ ಎರಿಯಲ್ಲಿ ನೆಲೆ ನಿಂತಿತು. ಆ ಕಾಲಕ್ಕೆ ಘಟ್ಟದ ಕೆಳಗೆ ಮಾಲು ಸಾಗಿಸುವದು ಬಹುಮಟ್ಟಿಗೆ ಹೇರೆತ್ತುಗಳ ಬೆನ್ನಿನ ಮೇಲೆ. ಲಂಬಾಣಿಗರ ಎತ್ತಿನ ಸಾಲುಗಳು ಹತ್ತಿ, ಕಾಳು ಹೊತ್ತು ಇಳಿದು ಉಪ್ಪು ಹೊತ್ತು ಏರುತ್ತಿದ್ದವು. ಎತ್ತಿನ ಗೊರಸಿಗೆ ಸಡಕು ಬೇಕಾಗಿರಲಿಲ್ಲ. ಗಾಲಿಗೆ ಸಡಕು ಬೇಕು.

1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲಂಡಿನ ಗಿರಣಿಗಳಿಗೆ ಹೋಗುವದು ನಿಂತಿತು. ನಮ್ಮ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಆಗ ನಮ್ಮ ಹತ್ತಿ ಸಮುದ್ರ ಸೇರುತ್ತಿದ್ದದ್ದು ಕುಮಟಾ ಬಂದರದಿಂದ. ಶಿರ್ಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ವ್ಯಾಪಾರಿಗಳ ಬಾಯಲ್ಲಿ ನಮ್ಮ ನಾಡಹತ್ತಿಗೆ "ಕುಮಟಾ ಹತ್ತಿ" ಎಂಬ ಹೆಸರೇ ನಿಂತುಹೋಯಿತು. ಬೆಳೆದದ್ದು ಎರಿಯಲ್ಲಿ, ಹೆಸರು ಬಂದರದ್ದು! 1862ರಲ್ಲಿ ಉತ್ತರ ಕನ್ನಡ ಜಿಲ್ಹೆಯನ್ನು ಮದ್ರಾಸ ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದರು. ಹತ್ತಿ ಬೆಳೆಯುವ ನಾಡು ಒಂದು ಇಲಾಖೆಯಲ್ಲಿ, ಬಂದರು ಇನ್ನೊಂದು ಇಲಾಖೆಯಲ್ಲಿ ಇದ್ದರೆ ಸಡಕು ಮಾಡುವವರು ಯಾರು ಎಂಬ ಪ್ರಶ್ನೆಯೂ ಅದರ ಹಿಂದೆ ಇತ್ತು. ಗರಸು, ಖಡಿ ಹಾಕಿದ ಸಡಕುಗಳಾದವು. ಚಕ್ಕಡಿಗಳ ಸಾಲು ಘಟ್ಟ ಇಳಿಯಿತು. 1880ರ ದಶಕದಲ್ಲಿ ಸದರ್ನ ಮರಾಠಾ ರೇಲ್ವೆ ಹುಬ್ಬಳ್ಳಿ, ಗದಗಕ್ಕೆ ಬಂದ ಮೇಲೆ ಹತ್ತಿ ಅಣ್ಣಿಗೇರಿಯಂಥ ಸ್ಟೇಶನ್ನಿಗೆ ಹೋಗತೊಡಗಿತು. ಚಕ್ಕಡಿಯ ಪ್ರಯಾಣ ಸಣ್ಣದಾಯಿತು, ಆದರೆ ಸಡಕಿನ ಮೇಲಿನ ಚಕ್ಕಡಿಗಳು ಹೆಚ್ಚಾದವು.

ಇಲ್ಲಿ ಹೊಸ ತೊಡಕು ಹುಟ್ಟಿತು. ಹೊಲದ ಸಲುವಾಗಿ ಮಾಡಿದ ಇಕ್ಕಟ್ಟು ಹಳಿ ಖಡಿ ಸಡಕಿನ ಮೇಲೆ ಕತ್ತಿಯಂತೆ ಕೆಲಸ ಮಾಡಿತು. ಒಂದು ಚಕ್ಕಡಿ ಹೋದ ಗೆರೆಯಲ್ಲಿಯೇ ಹಿಂದಿನದೂ ಹೋಗುತ್ತದೆ. ಖಡಿ ಒಡೆದು ಹುಡಿಯಾಗುತ್ತದೆ, ಗಾಳಿ ಅದನ್ನು ಹಾರಿಸುತ್ತದೆ, ಮಳೆ ಉಳಿದದ್ದನ್ನು ತೊಳೆಯುತ್ತದೆ. ಎರಡು ಉದ್ದ ತಗ್ಗು ಮಾತ್ರ ಉಳಿಯುತ್ತವೆ.

ಇದರ ಲೆಕ್ಕ ಬಹಳ ಸರಳ. ಒಂದು ಚಕ್ಕಡಿ ಹೇರು ಸಹಿತ 1,000 ಕಿಲೋ ತೂಗುತ್ತದೆ ಎನ್ನೋಣ. ಒಂದೊಂದು ಗಾಲಿಯ ಮೇಲೆ 500 ಕಿಲೋ. ಹಳಿಯ ಅಗಲ 5 ಸೆಂಟಿಮೀಟರು. ಗಟ್ಟಿ ಸಡಕಿಗೆ ಅದು ಉದ್ದದಲ್ಲಿ 2 ಸೆಂಟಿಮೀಟರು ತಾಗುತ್ತದೆ ಎಂದು ಹಿಡಿದರೂ ತಾಗಿದ ಜಾಗ 10 ಚದರ ಸೆಂಟಿಮೀಟರು. ಅಂದರೆ ಚದರ ಸೆಂಟಿಮೀಟರಿಗೆ 50 ಕಿಲೋ ಒತ್ತಡ! ಖಡಿ ಹುಡಿಯಾಗದೆ ಏನಾದೀತು?

ಈ ತೊಡಕು ನಮಗೊಬ್ಬರಿಗೇ ಬಂದದ್ದಲ್ಲ. ಇಂಗ್ಲಂಡಿನಲ್ಲಿ ನಮಗಿಂತ ನೂರು ವರ್ಷ ಮೊದಲೇ ಬಂದಿತ್ತು. ಅಲ್ಲಿ 1753ರಲ್ಲಿ ಪಾರ್ಲಿಮೆಂಟು ಒಂದು ಕಾಯದೆ ಮಾಡಿತು. ಸುಂಕದ ಸಡಕುಗಳ ಮೇಲೆ ಓಡುವ ದೊಡ್ಡ ಬಂಡಿಗಳ ಗಾಲಿ 9 ಅಂಗುಲ ಅಗಲ ಇರತಕ್ಕದ್ದು, ಇಲ್ಲವಾದರೆ ದಂಡ. ಅಗಲ ಗಾಲಿಯವರಿಗೆ ಸುಂಕದಲ್ಲಿ ರಿಯಾಯತಿಯೂ ಸಿಕ್ಕಿತು. ಅಗಲ ಗಾಲಿ ಸಡಕಿನ ಮೇಲೆ ಉರುಳುಗಲ್ಲಿನಂತೆ ಹೋಗಿ ಅದನ್ನು ಹದ ಮಾಡೀತು ಎಂಬುದು ಅವರ ಆಶೆ. ಆಶೆ ಒಳ್ಳೆಯದೇ. ಆದರೆ ಬಂಡಿ ಕಟ್ಟುವವರು ಏನು ಮಾಡಿದರು? ಅಳತೆಗೆ 9 ಅಂಗುಲ ಅಗಲ ಇಟ್ಟರು, ಆದರೆ ಗಾಲಿಯ ಮೈಯನ್ನು ಒಂದು ಕಡೆ ಇಳಿಜಾರು ಮಾಡಿದರು. ಕೆಲವರು ಮೂರು ಪಟ್ಟಿ ಹಾಕಿ ನಡುವಿನದನ್ನು ಎತ್ತರಿಸಿದರು. ಅಳತೆ ಮಾಡುವ ಅಧಿಕಾರಿಗೆ 9 ಅಂಗುಲ, ನೆಲಕ್ಕೆ ತಾಗುವದು ಎರಡು ಮೂರು ಅಂಗುಲ! ಸುಂಕವೂ ಉಳಿಯಿತು, ಎಳೆಯುವದೂ ಹಗುರಾಯಿತು, ಸಡಕು ಮಾತ್ರ ಮೊದಲಿನಂತೆಯೇ ಕೆಟ್ಟಿತು.

ಈ ಕತೆಯಲ್ಲಿ ನಗುವದಕ್ಕಿಂತ ಕಲಿಯುವದು ಹೆಚ್ಚು. ಗಾಲಿಯ ಮೇಲೆ ಬರೆದ ಅಗಲ ಬೇರೆ, ನೆಲಕ್ಕೆ ನಿಜವಾಗಿ ತಾಗುವ ಅಗಲ ಬೇರೆ. ಇದನ್ನು ನೆನಪಿನಲ್ಲಿಡಿರಿ, ಟಾಯರಿನ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಮೋಟಾರು ಬಂದ ಮೇಲೆ ಜಗಳ ಇನ್ನೂ ಜೋರಾಯಿತು. ಮೋಟಾರಿನವರು, ಚಕ್ಕಡಿಯ ಹಳಿ ಸಡಕು ಹಾಳುಮಾಡುತ್ತದೆ ಎಂದರು. ಚಕ್ಕಡಿಯವರು, ನಿಮ್ಮ ಮೋಟಾರು ಧೂಳು ಎಬ್ಬಿಸಿ ಖಡಿ ಕೀಳುತ್ತದೆ ಎಂದರು. ಇಬ್ಬರ ಮಾತಿನಲ್ಲಿಯೂ ನಿಜಾಂಶ ಇತ್ತು. 1927ರಲ್ಲಿ ಎಂ. ಆರ್. ಜಯಕರ ಅವರ ಅಧ್ಯಕ್ಷತೆಯಲ್ಲಿ ಸಡಕುಗಳ ಸುಧಾರಣೆಯ ಸಲುವಾಗಿ ಸಮಿತಿ ನೇಮಕವಾಯಿತು. ಅದರ ಸಲಹೆಯ ಬೆನ್ನಿಗೆ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಹೆಸರಿನಲ್ಲಿ ಕಾಂಗ್ರೆಸ್ ಇದ್ದರೂ ಅದು ರಾಜಕೀಯ ಪಕ್ಷವಲ್ಲ, ಸಡಕಿನ ಇಂಜಿನಿಯರರ ಸಭೆ. ಕಬ್ಬಿಣದ ಹಳಿಯ ಚಕ್ಕಡಿಯನ್ನು ತಾಳುವ ಸಡಕು ಹೇಗಿರಬೇಕು ಎಂಬುದು ಆ ಕಾಲದ ಇಂಜಿನಿಯರರ ದೊಡ್ಡ ಚಿಂತೆ.

ಉತ್ತರ ಬಂದದ್ದು ಸಡಕಿನಿಂದ ಅಲ್ಲ, ಗಾಳಿಯಿಂದ. ರಬ್ಬರಿನ ಕೊಳವೆಯಲ್ಲಿ ಗಾಳಿ ತುಂಬಿ ಗಾಲಿಗೆ ಸುತ್ತುವ ಯುಕ್ತಿಗೆ ರಾಬರ್ಟ ವಿಲಿಯಂ ಥಾಮ್ಸನ್ ಎಂಬವನು 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದ. ಆಗ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಐರ್ಲಂಡಿನ ಬೆಲ್‌ಫಾಸ್ಟ್ ಊರಿನಲ್ಲಿ ಜಾನ್ ಬಾಯ್ಡ್ ಡನ್ಲಪ್ ಎಂಬ ದನಗಳ ಡಾಕ್ಟರನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಇದನ್ನೇ ಹೊಸದಾಗಿ ಮಾಡಿದ. ನಮ್ಮಂಥ ಒಕ್ಕಲಿಗರಿಗೆ ಇದು ಅಭಿಮಾನದ ಸಂಗತಿ, ಜಗತ್ತಿನ ಗಾಲಿಗೆ ಗಾಳಿ ತುಂಬಿಸಿದವನು ದನದ ಡಾಕ್ಟರ! 1895ರಲ್ಲಿ ಫ್ರಾನ್ಸಿನ ಮಿಶೆಲಿನ್ ಸೋದರರು ಮೋಟಾರಿಗೆ ಗಾಳಿಯ ಟಾಯರು ಹಾಕಿ ಓಟದ ಪಂದ್ಯದಲ್ಲಿ ಓಡಿಸಿದರು. 1936ರಲ್ಲಿ ಬಂಗಾಲದ ಸಾಹಾಗಂಜದಲ್ಲಿ ಡನ್ಲಪ್ ಕಂಪನಿಯ ಕಾರಖಾನೆ ಶುರುವಾಗಿ ನಮ್ಮ ದೇಶದಲ್ಲಿಯೇ ಟಾಯರು ತಯಾರಾಗತೊಡಗಿತು. ಎತ್ತಿನ ಬಂಡಿಯ ಸಲುವಾಗಿಯೇ ಬೇರೆ ಜಾತಿಯ ಟಾಯರುಗಳೂ ಬಂದವು.

ಟಾಯರಿನ ಬಂಡಿಯ ಲೆಕ್ಕ ನೋಡಿರಿ. ಅದೇ 500 ಕಿಲೋ ಹೇರು. ಟಾಯರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ ಗಾಳಿ, ಪಂಪಿನವರ ಭಾಷೆಯಲ್ಲಿ 35 ಪೌಂಡು. ಆಗ ಟಾಯರು ತಾನಾಗಿಯೇ ಚಪ್ಪಟೆಯಾಗಿ ಸುಮಾರು 200 ಚದರ ಸೆಂಟಿಮೀಟರು ನೆಲ ಹಿಡಿಯುತ್ತದೆ. ನಿಮ್ಮ ಬೆರಳು ಸಹಿತ ಹಸ್ತಕ್ಕಿಂತ ತುಸು ದೊಡ್ಡದು. ಒತ್ತಡ ಹಳಿಯದರ ಇಪ್ಪತ್ತನೆಯ ಒಂದು ಪಾಲು. ಸಡಕು ಉಳಿಯಿತು, ಮೆತ್ತನ್ನ ದಾರಿಯಲ್ಲಿ ಎತ್ತಿನ ಎಳೆತವೂ ಕಡಿಮೆಯಾಯಿತು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ನುಣುಪಾದ ಗಟ್ಟಿ ಸಡಕಿನ ಮೇಲೆ ಕಬ್ಬಿಣದ ಗಾಲಿ ಉರುಳುವದರಲ್ಲಿ ಹಿಂದೆ ಬೀಳುವದಿಲ್ಲ. ರೇಲ್ವೆ ಓಡುವದು ಕಬ್ಬಿಣದ ಮೇಲೆ ಕಬ್ಬಿಣವೇ ಅಲ್ಲವೇ? ಟಾಯರಿನ ಮೇಲುಗೈ ಇರುವದು ಮೆತ್ತನ್ನ ನೆಲದಲ್ಲಿ, ಕುಲುಕು ದಾರಿಯಲ್ಲಿ. ಮತ್ತೆ ಅದೇ ಪಾಠ, ನೆಲ ನೋಡಿ ಗಾಲಿ.

ಟಾಯರಿನ ಬಂಡಿ ಕಬ್ಬಿನ ಸೀಮೆಯಲ್ಲಿ ಬೇಗ ಹಬ್ಬಿತು. ಆದರೆ ಹಗುರಾಯಿತೆಂದು ಹೇರನ್ನು ಹೆಚ್ಚಿಸಿದರು. ಎಳೆಯುವಾಗ ಹಗುರ, ಇಳಿಜಾರಿನಲ್ಲಿ ತಡೆಯುವಾಗ ಭಾರ ಎಲ್ಲ ಎತ್ತಿನ ಕೊರಳಿಗೆ. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಬಂಡಿಯ ಸುಧಾರಣೆಯನ್ನು ದೇಶದ ಮುಂದೆ ಇಟ್ಟವರು. ಆಗ ದೇಶದಲ್ಲಿ ಒಂದೂವರೆ ಕೋಟಿಯಷ್ಟು ಎತ್ತಿನ ಬಂಡಿಗಳಿದ್ದವು ಎಂಬುದು ಅವರ ಅಂದಾಜು. ಬಂಡಿ ಸುಧಾರಿಸುವದೆಂದರೆ ಗಾಲಿ ಬದಲಿಸಿ ಬಿಡುವದಲ್ಲ, ನೊಗ, ಅಚ್ಚು, ಹೇರು, ಎತ್ತಿನ ಕೊರಳು ಎಲ್ಲವನ್ನೂ ಕೂಡಿಸಿ ನೋಡಬೇಕು ಎಂಬುದು ಅವರ ದೃಷ್ಟಿ.

1970ರ ದಶಕದಲ್ಲಿ ನಮ್ಮ ಸೀಮೆಯಲ್ಲಿ ಇನ್ನೊಂದು ಬದಲಾವಣೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಆಯಿತು. ಕಾಲುವೆ ನವಲಗುಂದದ ಎರಿಗೆ ಬಂತು. ನೀರು ಬಂದಲ್ಲಿ ಬೇಸಿಗೆಯ ಗಟ್ಟಿ ನೆಲ ಎಂಬ ಹಳೆಯ ಲೆಕ್ಕ ತಪ್ಪಿತು. ಮಾಲು ಹೊರಡುವ ಹೊತ್ತಿಗೂ ಹೊಲದ ದಾರಿ ಹಸಿ ಇರಬಹುದು. ಟ್ರ್ಯಾಕ್ಟರು, ಟ್ರೇಲರು ಬಂದವು. ಊರ ಮುಂದಿನ ಸಡಕಿಗೆ ಡಾಂಬರು ಬಿತ್ತು. ಹುಬ್ಬಳ್ಳಿಯಿಂದ ನವಲಗುಂದದ ಮೇಲೆ ವಿಜಯಪುರಕ್ಕೆ ಹೋಗುವ ದಾರಿ ಈಗ ರಾಷ್ಟ್ರೀಯ ಹೆದ್ದಾರಿ. 2005ರಲ್ಲಿ ಟಾಟಾ ಏಸ್ ಬಂತು, ಜನರ ಬಾಯಲ್ಲಿ "ಛೋಟಾ ಹಾಥಿ". ಅದರ ಬೆನ್ನಿಗೆ ತರತರದ ಪಿಕಪ್ಪುಗಳು. ಅಜ್ಜನ ಚಕ್ಕಡಿ ಬಹುಭಾಗ ಹೊಲದಲ್ಲಿ, ಸ್ವಲ್ಪ ಸಡಕಿನಲ್ಲಿ. ಮೊಮ್ಮಗನ ಪಿಕಪ್ಪು ಬಹುಭಾಗ ಸಡಕಿನಲ್ಲಿ, ಸ್ವಲ್ಪ ಹೊಲದ ದಾರಿಯಲ್ಲಿ. ಇದನ್ನು ಮನಸ್ಸಿನಲ್ಲಿಟ್ಟು ಈಗ ಟಾಯರು ಆರಿಸೋಣ.

ಟಾಯರಿನ ಪಕ್ಕದ ಮೈ ಮೇಲೆ ಅಂಕಿಗಳು ಇರುತ್ತವೆ. "145 ಆರ್ 12" ಎಂದರೆ ಟಾಯರಿನ ಅಗಲ 145 ಮಿಲಿಮೀಟರು, ಆರ್ ಎಂದರೆ ರೇಡಿಯಲ್, 12 ಎಂದರೆ ಒಳಗಿನ ಡಿಸ್ಕಿನ ಅಡ್ಡಳತೆ 12 ಅಂಗುಲ. "215/75 ಆರ್ 15" ಎಂದಿದ್ದರೆ ಅಗಲ 215 ಮಿಲಿಮೀಟರು, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 75 ಪಾಲು. ಇವುಗಳ ಮುಂದೆ ಅದು ತಾಳುವ ಭಾರದ ಅಂಕಿ ಇರುತ್ತದೆ. ಹೇರು ಹೊರುವ ಗಾಡಿಗೆ ಅಗಲಕ್ಕಿಂತ ಈ ಭಾರದ ಅಂಕಿ ಮುಖ್ಯ. ಕಾರಿನ ಅಗಲ ಟಾಯರು ನೋಡಲು ದಪ್ಪ ಕಂಡರೂ ಹೇರಿನ ಗಾಡಿಯ ಇಕ್ಕಟ್ಟು ಟಾಯರಿನಷ್ಟು ಭಾರ ತಾಳದೆ ಇರಬಹುದು. ಒಳಗಿನ ಪದರು ಬೇರೆ, ಗಾಳಿಯ ಒತ್ತಡ ಬೇರೆ.

"ಅಗಲ ಟಾಯರು ಹೆಚ್ಚು ನೆಲ ಹಿಡಿಯುತ್ತದಲ್ಲಾ?" ಎಂದು ನೀವು ಕೇಳಬಹುದು. ಇಂಗ್ಲಂಡಿನ 9 ಅಂಗುಲದ ಗಾಲಿಯನ್ನು ನೆನಪಿಸಿಕೊಳ್ಳಿರಿ. ಹೇರು ಅಷ್ಟೇ, ಗಾಳಿಯ ಒತ್ತಡವೂ ಅಷ್ಟೇ ಇದ್ದರೆ, ಟಾಯರು ಹಿಡಿಯುವ ಜಾಗ ಹೆಚ್ಚುಕಡಿಮೆ ಅಷ್ಟೇ. ಅಗಲ ಟಾಯರಿನಲ್ಲಿ ಆ ಜಾಗ ಅಡ್ಡಕ್ಕೆ ಅಗಲ, ಉದ್ದಕ್ಕೆ ಮೊಟಕು. ಇಕ್ಕಟ್ಟು ಟಾಯರಿನಲ್ಲಿ ಅಡ್ಡಕ್ಕೆ ಕಡಿಮೆ, ಉದ್ದಕ್ಕೆ ಹೆಚ್ಚು. ಜಾಗ ನಿಜವಾಗಿ ಹೆಚ್ಚಬೇಕಾದರೆ ಗಾಳಿ ಇಳಿಸಬೇಕು. ಅಗಲ ಟಾಯರು ಮೆತ್ತನ್ನ ನೆಲದಲ್ಲಿ ಸಹಾಯ ಮಾಡುವದು ಕಡಿಮೆ ಗಾಳಿಯಲ್ಲಿಯೂ ಹೇರು ತಾಳುತ್ತದೆ ಎಂಬ ಕಾರಣದಿಂದ. ಮೊದಲಿನಷ್ಟೇ ಗಾಳಿ ತುಂಬಿ ಅಗಲ ಟಾಯರು ಓಡಿಸಿದರೆ ಅರ್ಧ ಲಾಭ ಗಾಳಿಗೇ ಹೋಯಿತು.

ಸಡಕಿನ ಮೇಲೆ ಅಗಲ ಟಾಯರಿನ ಲಾಭ ನಷ್ಟ ತೂಗಿ ನೋಡಿರಿ. ಒಣ ಡಾಂಬರಿನ ತಿರುವಿನಲ್ಲಿ ಹಿಡಿತ ತುಸು ಹೆಚ್ಚು, ಇದು ನಿಜ. ಮಳೆಯಲ್ಲಿ ಮಾತ್ರ ಉಲ್ಟಾ. ಸಡಕಿನ ಮೇಲೆ ನಿಂತ ನೀರನ್ನು ಟಾಯರು ಪಕ್ಕಕ್ಕೆ ಸರಿಸಿ ನೆಲ ಮುಟ್ಟಬೇಕು. ಇಕ್ಕಟ್ಟು ಟಾಯರು ನೀರನ್ನು ರಂಟಿಯಂತೆ ಸೀಳುತ್ತದೆ. ಅಗಲ ಟಾಯರಿಗೆ ಹೆಚ್ಚು ನೀರು ಸರಿಸುವ ಕೆಲಸ. ವೇಗ ಹೆಚ್ಚಾದರೆ ಸರಿಸಲಾಗದೆ ನೀರಿನ ಮೇಲೆಯೇ ತೇಲುತ್ತದೆ. ಆಗ ಸ್ಟೇರಿಂಗು ತಿರುಗಿಸಿದರೂ ಗಾಡಿ ತಿರುಗದು, ಬ್ರೇಕು ಒತ್ತಿದರೂ ನಿಲ್ಲದು. ಟಾಯರಿನ ಗೀರು ಸವೆದಿದ್ದರಂತೂ ಕೇಳಬೇಡಿರಿ. ಗೀರಿನ ಆಳ 1.6 ಮಿಲಿಮೀಟರಿಗೆ ಬಂತೆಂದರೆ ಆ ಟಾಯರು ಮುಗಿಯಿತು. ಗೀರಿನ ನಡುವೆ ಇರುವ ಸಣ್ಣ ದಿಬ್ಬಗಳು ಮೈಗೆ ಸಮನಾದದ್ದೇ ಅದರ ಗುರುತು.

ಎರಡನೆಯದು ಅಳತೆಯ ಹೊಂದಿಕೆ. ಪ್ರತಿ ಡಿಸ್ಕಿಗೆ ಇಂತಿಷ್ಟು ಅಗಲದ ಟಾಯರೇ ಕೂಡುತ್ತದೆ. ಇಕ್ಕಟ್ಟು ಡಿಸ್ಕಿಗೆ ಅಗಲ ಟಾಯರು ತುರುಕಿದರೆ ಅದರ ಮೈ ದುಂಡಗಾಗಿ ನಡುವೆ ಮಾತ್ರ ನೆಲ ಮುಟ್ಟುತ್ತದೆ, ನಡುಭಾಗ ಬೇಗ ಸವೆಯುತ್ತದೆ. ಮತ್ತೆ ಅದೇ 9 ಅಂಗುಲದ ಕತೆ! ಅಗಲ ಹೆಚ್ಚಾದರೆ ಎತ್ತರವೂ ಬದಲಾಗುತ್ತದೆ. 215/75 ಆರ್ 15 ಟಾಯರಿನ ಪೂರ್ಣ ಎತ್ತರ ಸುಮಾರು 703 ಮಿಲಿಮೀಟರು. ಅದನ್ನು ತೆಗೆದು 235/75 ಆರ್ 15 ಹಾಕಿದರೆ ಸುಮಾರು 733. ಮೀಟರಿನಲ್ಲಿ ತಾಸಿಗೆ 60 ಕಿಲೋಮೀಟರು ಎಂದು ತೋರಿಸುವಾಗ ಗಾಡಿ ನಿಜವಾಗಿ 62ರ ಮೇಲೆ ಓಡುತ್ತಿರುತ್ತದೆ. ಇಂಜಿನ್ನಿಗೆ ಭಾರ, ಏರಿನಲ್ಲಿ ಏದುಸಿರು, ಡೀಸೆಲ್ಲಿಗೆ ಖರ್ಚು. ತಿರುಗಿಸಿದಾಗ ಟಾಯರು ಬಾಡಿಗೆ ಉಜ್ಜಿದರೆ ಇನ್ನೂ ಅಪಾಯ. 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮಿನಂತೆ, ಕಂಪನಿ ಗೊತ್ತುಪಡಿಸಿದ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಅಪಘಾತವಾದಾಗ ವಿಮೆಯವರು ಇದನ್ನೇ ಹಿಡಿದು ತಕರಾರು ತೆಗೆದರೆ ಮನೆ ಮಂದಿಯೇ ಕಷ್ಟಕ್ಕೆ ಬೀಳುವದು.

ಹಾಗಾದರೆ ಸಡಕಿನ ಮೇಲೆ ಓಡುವ ಪಿಕಪ್ಪಿಗೆ ಸರಿಯಾದ ಅಗಲ ಯಾವದು? ಗಾಡಿಯ ಬಾಗಿಲ ಹತ್ತಿರದ ಚೀಟಿಯಲ್ಲಿ ಇಲ್ಲವೆ ಕೈಪುಸ್ತಕದಲ್ಲಿ ಕಂಪನಿಯವರು ಬರೆದ ಅಳತೆ. ಎರಡು ಅಳತೆ ಬರೆದಿದ್ದರೆ ಅವುಗಳಲ್ಲಿ ನಿಮ್ಮ ದಾರಿಗೆ ಹೊಂದುವದನ್ನು ಆರಿಸಿರಿ. ಅದರಾಚೆ ಹೋಗಬೇಡಿರಿ. ಅಗಲಕ್ಕೆ ಕೊಡಬೇಕೆಂದಿದ್ದ ಹೆಚ್ಚಿನ ರೊಕ್ಕವನ್ನು ಅದೇ ಅಳತೆಯ ಒಳ್ಳೆಯ ಟಾಯರಿಗೆ ಹಾಕಿರಿ. ತಿಂಗಳಿಗೆರಡು ಸಲ ತಣ್ಣಗಿದ್ದಾಗ ಗಾಳಿ ನೋಡಿಸಿರಿ. ಖಾಲಿ ಗಾಡಿಗೆ ಇಷ್ಟು, ಹೇರಿದ ಗಾಡಿಗೆ ಇಷ್ಟು ಎಂದು ಅದೇ ಚೀಟಿಯಲ್ಲಿ ಇರುತ್ತದೆ. ಟಾಯರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತೆಂದು ತಿಳಿಯಿರಿ. ನಡು ಸವೆದಿದ್ದರೆ ಹೆಚ್ಚು ಇತ್ತು. ಒಂದೇ ಅಂಚು ಸವೆದಿದ್ದರೆ ಗಾಲಿ ಓರೆಯಾಗಿದೆ, ಮೇಸ್ತ್ರಿಗೆ ತೋರಿಸಿರಿ.

ಇನ್ನು ಹೊಲದ ಮಾತು. "ಹೊಲದಾಗ ಗಾಡಿ ಹುಗೀತದ, ಅದಕ್ಕ ಅಗಲ ಬೇಕು" ಎನ್ನುವವರಿದ್ದಾರೆ. ಅವರಿಗೆ ನನ್ನ ವಿನಂತಿ: ಹಸಿ ಎರಿಗೆ ಪಿಕಪ್ಪನ್ನು ಇಳಿಸಲೇಬೇಡಿರಿ. ಅಗಲ ಟಾಯರಿನ ಗೀರಿನಲ್ಲಿ ಎರಿಮಣ್ಣು ತುಂಬಿಕೊಂಡಿತೆಂದರೆ ಅದು ಬೆಣ್ಣೆ ಸವರಿದ ಗಾಲಿ. ಅದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದ್ದು. ಹಸಿ ನೆಲದ ಮೇಲೆ ಭಾರದ ಗಾಡಿ ಓಡಿದಲ್ಲಿ ಮಣ್ಣು ಒತ್ತಿ ಬಿಗಿಯಾಗುತ್ತದೆ, ಒಳಗಿನ ಗಾಳಿಯ ಸಂದು ಮುಚ್ಚುತ್ತವೆ, ಬೇರು ಇಳಿಯುವದಿಲ್ಲ, ನೀರು ಇಂಗುವದಿಲ್ಲ. ಟಾಯರಿನ ಅಗಲ ಮೇಲ್ಮಣ್ಣಿನ ಬಿಗಿತ ಕಡಿಮೆ ಮಾಡೀತು, ಆದರೆ ಆಳದ ಬಿಗಿತ ಅಚ್ಚಿನ ಮೇಲಿನ ಒಟ್ಟು ಭಾರದಿಂದ ಬರುವದು. ಅದಕ್ಕೆ ಅಗಲ ಮದ್ದಲ್ಲ. ನಮ್ಮ ಎರಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ತನ್ನನ್ನು ತಾನೇ ಒಂದಿಷ್ಟು ಸರಿಪಡಿಸಿಕೊಳ್ಳುತ್ತದೆ, ಅದು ನಮ್ಮ ಪುಣ್ಯ. ಆದರೆ ವರ್ಷವಿಡೀ ಕಾಲುವೆಯ ನೀರು ನಿಲ್ಲುವ ಹೊಲಕ್ಕೆ ಒಣಗಲು ಬಿಡುವೆಲ್ಲಿ? ಬದುವಿನ ಗುಂಟ ಒಂದೇ ದಾರಿ ಗೊತ್ತುಮಾಡಿ, ಗರಸು ಹಾಕಿಸಿ, ಗಾಡಿಯನ್ನು ಅಲ್ಲಿಯೇ ನಿಲ್ಲಿಸಿರಿ. ಚೀಲಗಳನ್ನು ಅಲ್ಲಿಯವರೆಗೆ ಚಕ್ಕಡಿಯಲ್ಲಿಯೋ ತಲೆಯ ಮೇಲೋ ತರುವದು ಕಷ್ಟವೇ, ಆದರೆ ಮುಂದಿನ ಬೆಳೆ ಉಳಿಯುತ್ತದೆ. ಒಣ ಹೊಲದ ಮೆತ್ತನ್ನ ದಾರಿಯಲ್ಲಿ ಗಾಳಿ ತುಸು ಇಳಿಸಿದವರು ಡಾಂಬರು ಏರುವ ಮೊದಲು ತಪ್ಪದೆ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದ ಟಾಯರು ಕಾದು ಒಡೆಯುತ್ತದೆ.

ಕಡೆಯದಾಗಿ ಹೇರಿನ ಮಾತು. 1958ರಿಂದ 1960ರ ವರೆಗೆ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಸಡಕುಗಳ ಮೇಲೆ ಲಾರಿಗಳನ್ನು ಎಡೆಬಿಡದೆ ಓಡಿಸಿ ಪರೀಕ್ಷೆ ಮಾಡಿದರು. ಅದರಿಂದ ತಿಳಿದದ್ದು: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಸಡಕಿಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು! ಅಗಲ ಟಾಯರು ಹಾಕಿಸಿ ಎರಡು ಪಟ್ಟು ಚೀಲ ಹೇರಿದವನು ತನ್ನ ಊರಿನ ಸಡಕನ್ನು ತಾನೇ ಒಡೆದಂತೆ. ಅದೇ ತಗ್ಗಿನಲ್ಲಿ ಅವನ ಗಾಡಿಯ ಪಟ್ಟಿ ಮುರಿಯುತ್ತದೆ, ಅದೇ ತಗ್ಗಿನಲ್ಲಿ ಹೆರಿಗೆಗೆ ಹೊರಟ ಹೆಣ್ಣುಮಗಳ ಗಾಡಿಯೂ ಕುಲುಕುತ್ತದೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಗಾಲಿಗೂ ಸಲ್ಲುತ್ತದೆ. ಮಗನ ಆಶೆ ತಪ್ಪಲ್ಲ, ಗಾಡಿ ಗಟ್ಟಿ ನಿಲ್ಲಬೇಕೆಂಬುದು ಅವನ ಇಚ್ಛೆ. ತಂದೆಯ ಮಾತೂ ಬರೇ ಜಿಪುಣತನವಲ್ಲ. ಇಬ್ಬರೂ ಕೂಡಿ ಆ ಬಾಗಿಲ ಚೀಟಿಯನ್ನು ಓದಲಿ, ತಾಯಿ ಲೆಕ್ಕ ಬರೆಯಲಿ, ಆಮೇಲೆ ಅಂಗಡಿಗೆ ಹೋಗಲಿ. ಹೇರು ಎಷ್ಟು, ನೆಲ ಯಾವದು ಎಂದು ಕೇಳಿಯೇ ನಮ್ಮ ಬಡಿಗೇರರು ಗಾಲಿಗೆ ಕಟ್ಟಿಗೆ ಆರಿಸುತ್ತಿದ್ದರು. ಟಾಯರಿನ ಅಂಗಡಿಯಲ್ಲಿ ಅದೇ ಎರಡು ಪ್ರಶ್ನೆಗಳನ್ನು ನಾವು ನಮಗೇ ಕೇಳಿಕೊಂಡರೆ ಸಾಕು.